ಆಷಾಢದ ಬಿಸಿಲಲ್ಲಿ ಕೊಮೊಡೊ ದ್ವೀಪಗಳಿಗೆ

ಆಷಾಢದ ಕೊನೆಯ ವಾರ, ಬೆಳಕು ಹರಿಯುವ ಹೊತ್ತಿಗೆ ಮುಳಬಾಗಿಲಿನಿಂದ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಹೊರಟೆವು. ಬಾಡಿಗೆ ಕಾರಿನಲ್ಲಿ ನಾವು ಮೂವರು ಹೆಂಗಸರು: ನಾನು, ನಮ್ಮಕ್ಕ ನಾಗರತ್ನ, ಅಕ್ಕನ ಗೆಳತಿ ಜರೀನಾ. ಅಕ್ಕನದು ಮುಳಬಾಗಿಲಿನಲ್ಲಿ ರವಿಕೆ ಹೊಲಿಯುವ ಅಂಗಡಿ. ಅದೇ ಅಂಗಡಿಯ ಅರ್ಧದಲ್ಲಿ ಜರೀನಕ್ಕ ಕೂತು ಸೀರೆಗಳಿಗೆ ಜರಿ ಕಸೂತಿ ಹಾಕುತ್ತಾರೆ. ನಾನು ಶ್ರೀನಿವಾಸಪುರದ ಪಕ್ಕದ ಹಳ್ಳಿಯಲ್ಲಿ ಮಾವಿನ ತೋಟ ನೋಡಿಕೊಳ್ಳುವವಳು. ಕೋಲಾರ ದಾಟಿ ನರಸಾಪುರ ಸೇರುವಷ್ಟರಲ್ಲಿ ಕಾರ್ಖಾನೆಗಳ ಪಾಳಿ ಬದಲಾಗುವ ಹೊತ್ತಾಗಿತ್ತು. ಕಂಪನಿ ಬಸ್ಸುಗಳ ಹಿಂದೆ ಸಿಕ್ಕಿಕೊಂಡು ತೆವಳಿದೆವು. ಹಿಂದಿನ ಸೀಟಿನಲ್ಲಿ ಅಕ್ಕ, ಜರೀನಕ್ಕ ಆಗಲೇ ಚಿತ್ರಾನ್ನದ ಡಬ್ಬಿ ಬಿಚ್ಚಿದ್ದರು.

ಇಂಡೊನೇಷ್ಯಾದ ಕೊಮೊಡೊ ದ್ವೀಪಗಳ ನಡುವೆ, ಬಾಡಿಗೆಗೆ ಹಿಡಿದ ಹಾಯಿದೋಣಿಯಲ್ಲಿ ನಾಲ್ಕು ದಿನ ಸುತ್ತುವುದು ನಮ್ಮ ಯೋಚನೆ. ಆದರೆ ಯಾವ ಕಾಲದಲ್ಲಿ ಹೋಗುವುದು ಎಂಬ ಒಂದು ಮಾತಿಗೆ ನಾವು ಪಟ್ಟ ಪಾಡು ಹೇಳತೀರದು.

ಅಕ್ಕನಿಗೆ ಐವತ್ತೆರಡು. ಕೆಲವು ವರ್ಷಗಳಿಂದ ಅವಳ ನೋಟದ ಅಂಚುಗಳು ಕರಗುತ್ತಿವೆ. ಸೂಜಿಗೆ ದಾರ ಒಂದೇ ಸಲಕ್ಕೆ ಪೋಣಿಸುತ್ತಾಳೆ, ಆದರೆ ಕಾಲ ಬಳಿಯ ಸ್ಟೂಲು ಎಡವಿ ಬೀಳುತ್ತಾಳೆ. ಪೈಪಿನೊಳಗಿಂದ ನೋಡಿದ ಹಾಗೆ ನಡುವಿನ ಒಂದು ವೃತ್ತ ಮಾತ್ರ ಚೊಕ್ಕವಾಗಿ ಕಾಣುತ್ತದೆ, ಸುತ್ತ ಏನೂ ಇಲ್ಲ. ಹೊತ್ತು ಮುಳುಗಿದರೆ ಆ ವೃತ್ತವೂ ಮಂಕು. ಹೋದ ವರ್ಷಕ್ಕಿಂತ ಈ ವರ್ಷ ಅದು ಚಿಕ್ಕದಾಗಿದೆ ಎಂದು ಡಾಕ್ಟರು ಹೇಳಿದ ದಿನ, ಅಂಗಡಿಗೆ ವಾಪಸ್ ಬಂದ ಅಕ್ಕ, "ನಂಗೆ ಸಮುದ್ರದ ನಡುಮಧ್ಯ ನಿಂತಿರೋ ಬೆಟ್ಟ ನೋಡಬೇಕು ಕಣೇ, ಒಂದಲ್ಲ, ಸಾಲುಸಾಲಾಗಿ" ಎಂದಳು. ಜರೀನಕ್ಕ ತಲೆ ಎತ್ತದೆ ಸೂಜಿ ಎಳೆಯುತ್ತಲೇ, "ನಾನೂ ಬರ್ತೀನಿ" ಎಂದರು.

ಬೆಂಗಳೂರಿನ ಟ್ರಾವೆಲ್ ಏಜೆಂಟ್ ಹೆಂಗಸು ತಾಳ್ಮೆಯವರು. "ಜನವರಿಯಲ್ಲಿ ಅಂಡಮಾನ್ ಕಡೆ ಹೋಗಿ, ಸಮುದ್ರ ಹಾಲಿನ ಹಾಗಿರುತ್ತೆ" ಎಂದರು. ಜನವರಿಯಲ್ಲಿ ಮಾವು ಹೂ ಬಿಡುತ್ತದೆ, ಜಿಗಿಹುಳದ ಕಾಟ, ನಾನು ತೋಟ ಬಿಟ್ಟು ಅಲ್ಲಾಡುವ ಹಾಗಿಲ್ಲ. ಅದು ಮುಗಿಯುವಷ್ಟರಲ್ಲಿ ಜರೀನಕ್ಕನಿಗೆ ರಂಜಾನ್. "ಹಾಗಾದ್ರೆ ಏಪ್ರಿಲ್, ಮೇ ತಿಂಗಳು ಕೊಮೊಡೊಗೆ ಬೆಸ್ಟ್ ಮೇಡಂ. ಗುಡ್ಡಗಳು ಹಸಿರಾಗಿರ್ತವೆ, ಗಾಳಿ ಕಡಿಮೆ." ಆಗ ಅಕ್ಕನಿಗೆ ಮದುವೆ ಹೊಲಿಗೆ, ನನಗೆ ಕಾಯಿ ಕೀಳುವ ಕೆಲಸ. ಶ್ರಾವಣ ಬಂದರೆ ಮತ್ತೆ ಮದುವೆ, ಹಬ್ಬಗಳ ಹೊಲಿಗೆ, ಅಕ್ಟೋಬರಿನಲ್ಲಿ ದಸರಾ, ದೀಪಾವಳಿ. ನವೆಂಬರ್ ಕಳೆದರೆ ಅಲ್ಲಿ ಮಳೆ, ಮೋಡ. ಉಳಿದದ್ದು ಆಷಾಢ. ಮದುವೆ ಇಲ್ಲದ್ದರಿಂದ ಅಂಗಡಿ ಖಾಲಿ, ತೋತಾಪುರಿಯ ಕೊನೆಯ ಲೋಡು ಮಂಡಿ ಸೇರಿ ನಾನೂ ಖಾಲಿ.

"ಆಗ ಗಾಳಿ ಜಾಸ್ತಿ ಮೇಡಂ, ದಕ್ಷಿಣದ ಕಡೆ ಅಲೆ ಏಳುತ್ತೆ. ಗುಡ್ಡ ಎಲ್ಲ ಒಣಗಿರುತ್ತೆ" ಎಂದರು ಏಜೆಂಟ್.

"ಮೋಡ ಇರುತ್ತಾ?" ಎಂದೆ.

"ಇಲ್ಲವೇ ಇಲ್ಲ ಅನ್ನಬಹುದು. ಚುರುಗುಟ್ಟೋ ಬಿಸಿಲು."

ಬೆಳಕಿದ್ದಷ್ಟೂ ಅಕ್ಕನಿಗೆ ಕಾಣುತ್ತದೆ. ಅಲ್ಲಿಗೆ ನಾನು ತೀರ್ಮಾನ ಮಾಡಿದೆ. "ಆಷಾಢದಲ್ಲಿ ಯಾರಮ್ಮಾ ದೂರಪ್ರಯಾಣ ಹೊರಡ್ತಾರೆ?" ಎಂದು ನಮ್ಮತ್ತೆ ಕೇಳಿದರು. ಹೊರಡುವ ತನಕ ಆ ಮಾತು ಎದೆಯಲ್ಲಿ ಕೂತಿತ್ತು.

ಬೆಂಗಳೂರಿನಿಂದ ಬಾಲಿಗೆ ಸುಮಾರು ಏಳು ಗಂಟೆಯ ಹಾರಾಟ. ಅಲ್ಲಿ ಇಳಿದ ಮೇಲೇ ವೀಸಾ ಕೊಡುತ್ತಾರೆ. ಒಂದು ರಾತ್ರಿ ತಂಗಿ, ಮರುದಿನ ಚಿಕ್ಕ ವಿಮಾನದಲ್ಲಿ ಒಂದು ಗಂಟೆ ಪೂರ್ವಕ್ಕೆ ಹಾರಿ ಲಬುವಾನ್ ಬಾಜೊ ಎಂಬ ಬಂದರು ಊರು ಸೇರಿದೆವು. ನಮ್ಮದು ಎರಡು ಹಾಯಿಕಂಬದ ಮರದ ದೋಣಿ, ಮಲಗಲು ಎರಡು ಕೋಣೆ, ಮೇಲೊಂದು ಜಗಲಿಯಂಥ ಅಟ್ಟ. ದೋಣಿಯವರು ಮೂವರು. ಕ್ಯಾಪ್ಟನ್ ಇಸ್ಮಾಯಿಲ್ ನಡುವಯಸ್ಸಿನವರು, ಮಾತು ಕಡಿಮೆ. ಜರೀನಕ್ಕ ಸಲಾಮ್ ಹೇಳಿದ್ದೇ ಅವರ ಮುಖ ಅರಳಿತು. ಕೂರಲು ಕುರ್ಚಿ ತೋರಿಸಿದವರು, ಜರೀನಕ್ಕನ ಹಾಗೆ ಅವರೂ ಅದನ್ನು ಕುರ್ಸಿ ಎಂದರು. ನಾನು ಮಾವು ಬೆಳೆಯುತ್ತೇನೆಂದು ಕೈಸನ್ನೆ ಮಾಡಿದಾಗ, "ಮಂಗ್ಗಾ! ಮಂಗ್ಗಾ!" ಎಂದು ನಕ್ಕರು.

ಮೊದಲ ಮಧ್ಯಾಹ್ನ ಸಿಕ್ಕ ದ್ವೀಪಗಳು ನಿಜಕ್ಕೂ ಒಣಗಿದ್ದವು. ಬೋಳು ಗುಡ್ಡ, ಕಂದು ಹುಲ್ಲು, ಅಲ್ಲಲ್ಲಿ ಬಂಡೆ. "ಇದು ನಮ್ಮ ಕೋಲಾರದ ಅಂತರಗಂಗೆ ಬೆಟ್ಟಾನೇ ಅಲ್ವಾ? ಇದಕ್ಕೆ ಪಾಸ್‌ಪೋರ್ಟ್ ಮಾಡಿಸಬೇಕಿತ್ತಾ?" ಎಂದರು ಜರೀನಕ್ಕ. ಆದರೆ ಅಕ್ಕ ಹಗ್ಗ ಹಿಡಿದು ಮುಂದೆ ನಿಂತಿದ್ದಳು. ಮೊದಲು ಗುಡ್ಡದ ತಲೆ ನೋಡಿದಳು. ಆಮೇಲೆ ನಿಧಾನವಾಗಿ ಕಣ್ಣು ಇಳಿಸುತ್ತಾ ಇಳಿಸುತ್ತಾ ಅದರ ಬುಡಕ್ಕೆ ಬಂದಳು. ಅಲ್ಲಿ ನೆಲ ಇರಲಿಲ್ಲ. ಹಸಿರು ನೀರು, ಅದರಾಚೆ ನೀಲಿ ನೀರು. ಅವಳು ಮತ್ತೆ ಮೇಲಿನಿಂದ ಶುರು ಮಾಡಿದಳು.

ಎರಡನೆಯ ದಿನ ರಿಂಚಾ ದ್ವೀಪದಲ್ಲಿ ಇಳಿದು ಕೊಮೊಡೊ ಉಡಗಳನ್ನು ನೋಡಿದೆವು. ಕವಲುಕೋಲು ಹಿಡಿದ ಕಾವಲುಗಾರ ನಮ್ಮ ಮುಂದೆ ನಡೆದ. ಒಂದು ಉಡ ಮರದ ನೆರಳಲ್ಲಿ ಬಿದ್ದುಕೊಂಡಿತ್ತು. ನಾನು ಒಂದು ಸಲ ನೋಡಿ ಹೆದರಿ ಹಿಂದೆ ಸರಿದೆ. ಅಕ್ಕನಿಗೆ ಕಂಡದ್ದು ತಲೆ ಮಾತ್ರ. ಅಲ್ಲಿಂದ ಕುತ್ತಿಗೆ, ಹೆಗಲು, ಹೊಟ್ಟೆ ಎಂದು ಅವಳ ನೋಟ ಹರಿಯುತ್ತಾ ಹೋಯಿತು. "ಮುಗೀತು ಅಂದ್ಕೊಂಡೆ, ಇನ್ನೂ ಇದೆ. ಇನ್ನೂ ಇದೆ ಕಣೇ!" ಬಾಲದ ತುದಿ ಸಿಕ್ಕಾಗ ಅವಳು ತೆಲುಗಿಗೆ ಹಾರಿದಳು. ಕೋಪ ಬಂದರೂ ಬೆರಗಾದರೂ ಅವಳಿಗೆ ತೆಲುಗೇ. "ಅಬ್ಬಬ್ಬ, ಎಂತ ಪೆದ್ದದೇ ಇದಿ!" ಎಷ್ಟು ದೊಡ್ಡದೇ ಇದು, ಎಂದು. ಕಾವಲುಗಾರನಿಗೆ ಭಾಷೆ ತಿಳಿಯದಿದ್ದರೂ ತಲೆಯಾಡಿಸಿದ.

ಅಂದು ಮಧ್ಯಾಹ್ನ ಪಡಾರ್ ದ್ವೀಪಕ್ಕೆ ಹೊರಟಾಗ ಏಜೆಂಟ್ ಹೇಳಿದ ಗಾಳಿ ಬಂತು. ದಕ್ಷಿಣದಿಂದ ಅಲೆಗಳು ಒಂದರ ಹಿಂದೊಂದು ಬಂದು ದೋಣಿಯನ್ನು ಎತ್ತಿ ಇಳಿಸತೊಡಗಿದವು. ತಟ್ಟೆಗಳು ಜಾರಿ ಬಿದ್ದವು. ಜರೀನಕ್ಕ ಬಕೆಟ್ ತಬ್ಬಿಕೊಂಡು ಕೂತರು. ಅಕ್ಕ ನನ್ನ ಹತ್ತಿರ ಬರಲು ಎದ್ದವಳು, ಪಕ್ಕದಲ್ಲಿದ್ದ ಪೆಟ್ಟಿಗೆ ಕಾಣದೆ ಎಡವಿ ಮಗುಚಿ ಬಿದ್ದಳು. ಮೊಳಕಾಲಿನ ಕೆಳಗೆ ಸೀಳಿ ರಕ್ತ ಬಂತು. ಕ್ಯಾಪ್ಟನ್ ಚುಕ್ಕಾಣಿ ಬಿಡದೆ ನನ್ನ ಕಡೆ ನೋಡಿ, ಮುಂದೆ ಹೋಗೋಣವೋ ಬೇಡವೋ ಎಂದು ಕೈಯಲ್ಲೇ ಕೇಳಿದರು. ಎಲ್ಲರೂ ಹೇಳುವ, ಎಲ್ಲರ ಫೋಟೋದಲ್ಲಿರುವ ದ್ವೀಪ ಅದು. ಬೇಡ ಎಂದು ಕೈಯಾಡಿಸಿದೆ. ದೋಣಿ ತಿರುಗಿತು. ಪಡಾರ್ ನಮಗೆ ದಕ್ಕಲಿಲ್ಲ.

ಮರೆಯ ಕೊಲ್ಲಿಯೊಂದರಲ್ಲಿ ಲಂಗರು ಬಿದ್ದ ಮೇಲೆ ಅಕ್ಕನ ಗಾಯ ತೊಳೆದು ಪಟ್ಟಿ ಕಟ್ಟಿದೆ. "ತಪ್ಪು ಕಾಲ ಆರಿಸಿದೆ ಅಕ್ಕ. ಮೇ ತಿಂಗಳಲ್ಲೇ ಬರಬೇಕಿತ್ತು. ಒಂದು ಬೆಳೆ ಹೋದ್ರೆ ಹೋಗ್ತಿತ್ತು."

"ಸುಧಾ, ಮುಚ್ಚು ಬಾಯಿ" ಎಂದಳು ಅಕ್ಕ. "ಮೇ ತಿಂಗಳಲ್ಲಿ ನಿನ್ನ ತೋಟ ಬಿಟ್ಟು ನೀನು ಇಲ್ಲಿ ಕೂತಿದ್ರೆ, ನಾನು ಸಮುದ್ರ ನೋಡ್ತಿದ್ನಾ, ನಿನ್ನ ಮುಖ ನೋಡ್ತಿದ್ನಾ?" ಆಮೇಲೆ ಅನ್ನದ ಮೇಲೆ ನಮ್ಮ ಮಾವಿನಕಾಯಿ ಉಪ್ಪಿನಕಾಯಿ ಹಾಕಿಸಿಕೊಂಡು ಉಂಡಳು. ಉಪ್ಪಿನಕಾಯಿ ಇಸ್ಮಾಯಿಲ್ ಅವರಿಗೂ ಹಿಡಿಸಿತು. ಎರಡು ಸಲ ಕೇಳಿ ಹಾಕಿಸಿಕೊಂಡರು.

ಮೂರನೆಯ ಬೆಳಿಗ್ಗೆ ಗಾಳಿ ಬಿದ್ದುಹೋಗಿತ್ತು. ಇಲ್ಲಿ ಬೆಳಗಿನ ಹೊತ್ತು ಸಮುದ್ರ ಸುಮ್ಮನಿರುತ್ತದಂತೆ. ಉತ್ತರದ ಕಡೆ, ಆಳವಿಲ್ಲದ ಒಂದು ಜಾಗಕ್ಕೆ ಕರೆದೊಯ್ದರು. ಮಾಂಟಾ ಎಂಬ ದೊಡ್ಡ ಚಪ್ಪಟೆ ಮೀನುಗಳು ಬರುವ ಸ್ಥಳ. ಮೋಡದ ಚೂರೂ ಇಲ್ಲದ ಬಿಸಿಲು ನೀರಿನೊಳಗೆ ನೆಟ್ಟಗೆ ಇಳಿದು ತಳದ ಮರಳಿನ ಮೇಲೆ ಬಲೆಯಂತೆ ಆಡುತ್ತಿತ್ತು. ಮೇಲೆ ನಿಂತರೇ ತಳದ ಕಲ್ಲುಗಳು ಕಾಣುತ್ತಿದ್ದವು. ನಮ್ಮೂರ ಕಡೆ ಸಾವಿರ ಅಡಿ ಬೋರ್‌ವೆಲ್ ಕೊರೆಸಿ ಧೂಳು ಹಾರಿದ್ದನ್ನು ನೋಡಿ ಬೆಳೆದ ನನಗೆ, ಇಷ್ಟೊಂದು ನೀರು ಇಷ್ಟು ತಿಳಿಯಾಗಿ ಇರಬಹುದೆಂದು ಗೊತ್ತೇ ಇರಲಿಲ್ಲ.

"ನಾನು ಇಳೀತೀನಿ" ಎಂದಳು ಅಕ್ಕ.

"ಕಾಲಲ್ಲಿ ಗಾಯ ಐತೆ, ಹುಚ್ಚಿ!" ಎಂದರು ಜರೀನಕ್ಕ. ಗಾಯದ ಮೇಲೆ ನೀರು ಹೋಗದ ಪಟ್ಟಿ ಸುತ್ತಿಸಿಕೊಂಡೇ ಅವಳು ತೇಲುವ ಜಾಕೆಟ್ ಹಾಕಿಕೊಂಡಳು. ಜರೀನಕ್ಕ ನೀರಿಗಿಳಿಸಿದ ಚಿಕ್ಕ ದೋಣಿಯಲ್ಲೇ ಕೂತು ದುವಾ ಓದುತ್ತಾ, ಅಕ್ಕನ ಜಾಕೆಟ್ಟಿಗೆ ಕಟ್ಟಿದ ಹಗ್ಗ ಹಿಡಿದರು. ಮುಖಕ್ಕೆ ಈಜುವ ಗಾಜು ಕಟ್ಟಿ, ಬಾಯಲ್ಲಿ ಉಸಿರಾಟದ ಕೊಳವೆ ಕಚ್ಚಿಕೊಂಡು ನಾನು, ಅಕ್ಕ ಒಂದೇ ತೇಲುವ ರಬ್ಬರ್ ಬಳೆ ಹಿಡಿದು ತೇಲಿದೆವು. ದೋಣಿಯ ನಾವಿಕನೊಬ್ಬ ಪಕ್ಕದಲ್ಲೇ ಈಜುತ್ತಿದ್ದ.

ಮೊದಲು ನನಗೆ ಕಂಡಿತು. ದೂರದ ನೀಲಿಯಲ್ಲಿ ಒಂದು ಕಪ್ಪು ನೆರಳು ರೆಕ್ಕೆ ಬೀಸುತ್ತಾ ಬರುತ್ತಿತ್ತು. ಅವಸರವಿಲ್ಲ, ಸದ್ದಿಲ್ಲ. ನಮ್ಮ ಮನೆಯ ನಡುಮನೆಯಷ್ಟು ಅಗಲ. ಅಕ್ಕನ ಗಲ್ಲ ಹಿಡಿದು ಆ ಕಡೆ ತಿರುಗಿಸಿದೆ. ಅದು ನಮ್ಮ ಕೆಳಗೇ ಬಂತು. ಅಕ್ಕನ ಬೆರಳುಗಳು ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದವು. ಅದು ದಾಟಿ ಹೋಗುವವರೆಗೂ ಸಡಿಲವಾಗಲಿಲ್ಲ. ಅದರ ಹಿಂದೆ ಇನ್ನೊಂದು ಬಂತು, ಅದು ತಿರುಗಿ ಬಿಳಿ ಹೊಟ್ಟೆ ತೋರಿಸಿತು. ನಾನು ಬೆರಗಾಗಿ ಬಾಯಿ ತೆರೆದು ನೀರು ಕುಡಿದೆ.

ಮೇಲೆ ಹತ್ತಿದ ಮೇಲೆ ಅಕ್ಕ ಟವೆಲ್ ಹೊದ್ದು ಕೂತಳು. "ನಂಗೆ ಒಂದು ಸಲಕ್ಕೆ ಒಂದು ತುಂಡೇ ಕಂಡಿದ್ದು" ಎಂದಳು. "ಕಪ್ಪು ಮಖಮಲ್ಲು ಬಟ್ಟೆ ಥಾನು ಬಿಚ್ಚಿದ ಹಾಗೆ ಹೋಗ್ತಾನೇ ಇತ್ತು. ಎಲ್ಲೂ ಹೊಲಿಗೆ ಇಲ್ಲ, ಜರೀನಾ. ಒಂದೂ ಹೊಲಿಗೆ ಇಲ್ಲ." ಜರೀನಕ್ಕ ಅವಳ ಒದ್ದೆ ತಲೆ ಒರೆಸುತ್ತಿದ್ದರು.

ಅದೇ ಸಂಜೆ ಕಾಲೊಂಗ್ ಎಂಬ ಮ್ಯಾಂಗ್ರೋವ್ ಕಾಡಿನ ದ್ವೀಪದ ಬಳಿ ಲಂಗರು ಹಾಕಿದೆವು. ಅಲ್ಲಿ ಹಗಲೆಲ್ಲ ನೇತಾಡುವ ಬಾವಲಿಗಳು ಹೊತ್ತು ಮುಳುಗುವಾಗ ಒಟ್ಟಿಗೆ ಎದ್ದು ಹೊರಡುತ್ತವೆ. ನನಗೆ ಬಾವಲಿ ಎಂದರೆ ಶತ್ರು. ಹಣ್ಣಿನ ಕಾಲದಲ್ಲಿ ಬಲೆ ಕಟ್ಟಿ, ಡಬ್ಬ ಬಡಿದು ಓಡಿಸುವವಳು. ಆದರೆ ನನಗೆ ಹತ್ತಿಕೊಂಡ ಚಿಂತೆ ಬೇರೆ. ಆ ಹೊತ್ತಿಗೆ ಅಕ್ಕನಿಗೆ ಏನೂ ಕಾಣುವುದಿಲ್ಲ. ಜರೀನಕ್ಕ ಅದನ್ನು ನನಗಿಂತ ಮೊದಲೇ ಯೋಚಿಸಿದ್ದರು. ಕ್ಯಾಪ್ಟನ್ ಹತ್ತಿರ ಹೋಗಿ, ಅಕ್ಕನ ಕಣ್ಣು ತೋರಿಸಿ, ಸೂರ್ಯನನ್ನು ತೋರಿಸಿ, ತಮ್ಮ ದಖ್ಖನಿ ಉರ್ದುವಿನಲ್ಲೇ ಏನೇನೋ ಹೇಳಿದರು. ಕ್ಯಾಪ್ಟನ್ ಸ್ವಲ್ಪ ಹೊತ್ತು ಆಕಾಶ ನೋಡಿ ಲಂಗರು ಎತ್ತಿಸಿದರು. ಉಳಿದ ದೋಣಿಗಳೆಲ್ಲ ಒಂದು ಕಡೆ ನಿಂತಿದ್ದರೆ, ನಮ್ಮದು ದ್ವೀಪವನ್ನು ಬಳಸಿ ಪೂರ್ವಕ್ಕೆ ಬಂದು ನಿಂತಿತು. ಈಗ ಕಾಡು ನಮಗೂ ಕೆಂಪಾದ ಪಡುವಣಕ್ಕೂ ನಡುವೆ ಇತ್ತು. ಎದ್ದ ಬಾವಲಿಗಳು ಬೆಳಕಿನೆದುರಿಗೇ ಹಾಯಬೇಕು.

ಮೊದಲು ಹತ್ತಾರು ಎದ್ದವು. ಆಮೇಲೆ ಇಡೀ ಕಾಡೇ ಎದ್ದ ಹಾಗಾಯಿತು. ಸಾವಿರಾರು ಬಾವಲಿಗಳು ಒಂದೇ ಹೊಳೆಯಾಗಿ ಕಿತ್ತಳೆ ಬಣ್ಣದ ಆಕಾಶವನ್ನು ದಾಟತೊಡಗಿದವು. ಒಂದೊಂದರ ರೆಕ್ಕೆಯ ಎಲುಬೂ ಕಾಣುತ್ತಿತ್ತು. ಇವು ಇಷ್ಟು ಚೆನ್ನಾಗಿ ಹಾರುವುದನ್ನು ನಾನು ಒಂದು ದಿನವೂ ತಲೆ ಎತ್ತಿ ನೋಡಿರಲಿಲ್ಲ.

ಜರೀನಕ್ಕ ಅಕ್ಕನ ಹಿಂದೆ ನಿಂತು ಎರಡೂ ಕೆನ್ನೆ ಹಿಡಿದು ಬೆಳಕಿನ ಕಡೆ ಮುಖ ತಿರುಗಿಸಿದರು. "ಅಲ್ಲಿ. ಇನ್ನೂ ಸ್ವಲ್ಪ ಮೇಲೆ. ಕಾಣ್ತಾ?"

"ಕಾಣ್ತು. ಒಂದು ಹೋಯ್ತು. ಇನ್ನೊಂದು. ಅಯ್ಯೋ, ಇನ್ನೊಂದು."

ನಾನು ಒಂದೇ ಸಲ ಎಲ್ಲ ನೋಡಿ ಕತ್ತು ನೋವಾಗಿ ಕೂತೆ. ಅಕ್ಕ ತನ್ನ ಚಿಕ್ಕ ಕಿಟಕಿಯಲ್ಲಿ ಒಂದೊಂದನ್ನೇ ಬೀಳ್ಕೊಡುತ್ತಾ ನಿಂತಳು. ಕೆಂಪು ಆರಿ ಬೂದಿಯಾದಾಗ, "ಇನ್ನೂ ಹೋಗ್ತಾ ಇದ್ದಾವಾ?" ಎಂದು ಕೇಳಿದಳು. ಹೋಗ್ತಾ ಇವೆ ಎಂದೆ. "ಹಂಗಾದ್ರೆ ಇಲ್ಲೇ ಇರ್ತೀನಿ" ಎಂದು ರೆಕ್ಕೆಗಳ ಸದ್ದಿನ ಕಡೆ ಮುಖ ಎತ್ತಿಕೊಂಡೇ ಇದ್ದಳು. ಜರೀನಕ್ಕನ ಕೈಗಳು ಅವಳ ಕೆನ್ನೆ ಬಿಟ್ಟಿರಲಿಲ್ಲ.

ನಾಲ್ಕನೆಯ ದಿನ ಬಂದರಿಗೆ ಮರಳಿದೆವು. ಇಸ್ಮಾಯಿಲ್ ಅವರಿಗೆ ಉಳಿದ ಉಪ್ಪಿನಕಾಯಿ ಕೊಟ್ಟು, ಜರೀನಕ್ಕ ತಾವೇ ಹೊಲಿದ ಟೋಪಿಯೊಂದನ್ನೂ ಕೊಟ್ಟರು. ಮರುದಿನ ಬೆಳಿಗ್ಗೆಯ ವಿಮಾನದಲ್ಲಿ ಅಕ್ಕನನ್ನು ಕಿಟಕಿಯ ಪಕ್ಕ ಕೂರಿಸಿದೆವು. ವಿಮಾನ ಮೇಲೆದ್ದು ಪಶ್ಚಿಮಕ್ಕೆ ವಾಲಿತು. ಕೆಳಗೆ ನಾವು ತಿರುಗಾಡಿದ ನೀರೆಲ್ಲ ಬಿಸಿಲಲ್ಲಿ ಹೊಳೆಯುತ್ತಿತ್ತು. ನಡುನಡುವೆ ಕಂದು ದ್ವೀಪಗಳು, ಅವುಗಳ ಸುತ್ತ ಹಸಿರು ಅಂಚು. ದಕ್ಷಿಣಕ್ಕೆ ಪಡಾರ್ ಕೂಡ ಇತ್ತು, ಅಷ್ಟು ಎತ್ತರದಿಂದ ಅಂಗೈಯಷ್ಟೇ. ಅದರ ಮೂರು ಕೊಲ್ಲಿಗಳಿಂದ ಗುರುತು ಹಿಡಿದೆ. ಅಕ್ಕನಿಗೆ ಬೆರಳಿಟ್ಟು ತೋರಿಸಿದೆ.

ಅವಳು ಹಣೆಯನ್ನು ಗಾಜಿಗೆ ಒತ್ತಿ ನೋಡಿದಳು. ಕಣ್ಣು ಮೇಲಿನಿಂದ ಕೆಳಕ್ಕೆ ಇಳಿಸಲಿಲ್ಲ, ಎಡದಿಂದ ಬಲಕ್ಕೆ ಹರಿಸಲಿಲ್ಲ. ಅಲುಗಾಡದೆ ನೋಡಿದಳು.

"ಸುಧಾ" ಎಂದಳು ಸಣ್ಣ ದನಿಯಲ್ಲಿ. "ಪೂರ್ತಿ ಕಾಣ್ತಿದೆ ಕಣೇ. ಒಂದೇ ಸಲಕ್ಕೆ. ಸುತ್ತ ನೀರೂ ಕಾಣ್ತಿದೆ."

ದ್ವೀಪ ಕಿಟಕಿಯ ಅಂಚಿಗೆ ಸರಿಯುವವರೆಗೆ ಅವಳು ಗಾಜಿನಿಂದ ಹಣೆ ತೆಗೆಯಲಿಲ್ಲ.