ಹಪ್ಪಳದ ಜೊತೆ ಒಣಗಿದ ಸೆಲ್ಲು

ನಮ್ಮ ಮಾವನವರಿಗೆ ಸತ್ತ ಸೆಲ್ಲಿನ ಮೇಲಿರುವ ನಂಬಿಕೆ ಬದುಕಿರುವ ಮನುಷ್ಯರ ಮೇಲಿಲ್ಲ. ರೇಡಿಯೋದ ದನಿ ಇಳಿದರೆ ಸೆಲ್ಲನ್ನು ಎಸೆಯುವುದಿಲ್ಲ, ಬಿಸಿಲಿಗೆ ಒಣಗಿಸುತ್ತಾರೆ. ಎರಡು ದಿನ ಬಿಸಿಲು ಕುಡಿಸಿದರೆ ಇನ್ನೊಂದು ವಾರ ವಾರ್ತೆ ಕೇಳಬಹುದಂತೆ. ಕೆಲವು ಸಲ ಕೇಳಿದ್ದೂ ಉಂಟು, ಹಾಗಾಗಿ ನಾವು ಬಾಯಿ ಮುಚ್ಚಿಕೊಂಡಿದ್ದೆವು.

ಈ ಬೇಸಿಗೆಯಲ್ಲಿ ಸಾಗರದ ನಮ್ಮ ಮನೆಯ ತಾರಸಿ ಮೇಲೆ ಹಲಸಿನ ಹಪ್ಪಳ ಒಣಹಾಕಿದ್ದೆ. ತೀರ್ಥಹಳ್ಳಿಗೆ ಕೊಟ್ಟ ಮಗಳು ಐದು ತಿಂಗಳ ಬಸುರಿ. "ಅಮ್ಮಾ, ಬೇರೆ ಎಂತದೂ ಬೇಡ, ನೀನು ಮಾಡಿದ ಹಪ್ಪಳ ಬೇಕು" ಅಂದಿದ್ದಳು. ಬಸುರಿ ಬಾಯಿಬಿಟ್ಟು ಕೇಳಿದ್ದನ್ನು ಕೊಡದೆ ಇರುವುದುಂಟೇ? ಹಪ್ಪಳ ಹರವಿದ್ದ ಹಳೇ ಪಂಚೆ ಗಾಳಿಗೆ ಏಳುತ್ತಿತ್ತು. ಮಾವ ಬಂದವರೇ ತಮ್ಮ ನಾಲ್ಕು ದಪ್ಪ ಸೆಲ್ಲುಗಳನ್ನು ಮೂಲೆಗೊಂದರಂತೆ ಇಟ್ಟರು. ಪಂಚೆಯೂ ಹಾರಲಿಲ್ಲ, ಸೆಲ್ಲಿಗೂ ಬಿಸಿಲಾಯಿತು. "ಭೇಷ್ ಮಾವ, ಒಳ್ಳೆ ಉಪಾಯ" ಎಂದವಳು ನಾನೇ.

ಸಂಜೆ ನಮ್ಮ ಯಜಮಾನರು ಕನ್ನಡಕ ಹಾಕದೆಯೇ ಹಪ್ಪಳ ಬಾಚಿ ಡಬ್ಬಕ್ಕೆ ತುಂಬಿಸಿದರು. ಮರುದಿನ ಬಸ್ಸಿನಲ್ಲಿ ಹೋಗಿ ಬೀಗರ ಮನೆಗೆ ಮುಟ್ಟಿಸಿಯೂ ಬಂದರು. ಅದರ ಮಾರನೇ ಬೆಳಿಗ್ಗೆ ಎಂಟಕ್ಕೆ ಮಾವ ರೇಡಿಯೋಕ್ಕೆ ಸೆಲ್ಲು ಹಾಕಲು ಹೋದರೆ ಕೈಯೆಲ್ಲ ಅಂಟು. ಒಂದು ಸೆಲ್ಲಿನ ಬುಡ ಒಡೆದು ಕಂದು ಲೋಳೆ ಸೋರಿತ್ತು. ಓಡಿಹೋಗಿ ಪಂಚೆ ಬಿಡಿಸಿದೆ. ಒಂದು ಮೂಲೆಯಲ್ಲಿ ದೊಡ್ಡ ಕಲೆ, ಕಲೆಯ ನಡುವೆ ದುಂಡಗೆ ಹಪ್ಪಳದ ಗುರುತು.

ಆಗಲೇ ತೀರ್ಥಹಳ್ಳಿಗೆ ಫೋನ್ ಮಾಡಬೇಕಿತ್ತು ತಾನೇ? ಮಾಡಲಿಲ್ಲ. ಫೋನ್ ಮಾಡಿದವರು ತಪ್ಪು ಒಪ್ಪಿಕೊಂಡ ಹಾಗಲ್ಲವೇ! ಬೀಗಿತ್ತಿ ಮೊದಲೇ ನನ್ನ ಉಪ್ಪಿನಕಾಯಿಗೆ ಉಪ್ಪು ಹೆಚ್ಚೆಂದು ಮೂರು ಮದುವೆಮನೆಯಲ್ಲಿ ಹೇಳಿಕೊಂಡು ಬಂದವರು. ಹಪ್ಪಳದಲ್ಲಿ ಸೆಲ್ಲಿನ ರಸ ಎಂದರೆ ಬಿಡುತ್ತಾರೆಯೇ? ಹಾಗಾಗಿ ತಪ್ಪು ಯಾರದ್ದೆಂದು ಮೊದಲು ತೀರ್ಮಾನವಾಗಲಿ ಎಂದು ಮೂವರೂ ಕೂತೆವು.

"ಸೋರಿದ್ದು ಸೆಲ್ಲು. ನಾನು ಸೋರಿದ್ನಾ?" ಎಂದರು ಮಾವ.

ಯಜಮಾನರು ಭೂತಗನ್ನಡಿ ಹಿಡಿದು ಸೆಲ್ಲಿನ ಮೈಮೇಲಿನ ಸಣ್ಣ ಅಕ್ಷರ ಓದಿದರು. "ಬಿಸಿ ತಾಗಿಸ್ಬಾರ್ದು ಅಂತ ಇಂಗ್ಲಿಷಲ್ಲಿ ಬರ್ದಿದೆ, ಅಪ್ಪಾ."

"ಕನ್ನಡದಲ್ಲಿ ಬರ್ದಿದ್ಯಾ?"

"ಇಲ್ಲ."

"ಹಂಗಾದ್ರೆ ಅದು ನಂಗೆ ಹೇಳಿದ್ದಲ್ಲ."

ನಾನು ಯಜಮಾನರ ಕಡೆ ತಿರುಗಿದೆ. "ನೀವು ಕನ್ನಡಕ ಹಾಕ್ಕೊಂಡು ತುಂಬ್ಸಿದ್ರೆ ಕಾಣ್ತಿತ್ತಲ್ರೀ!"

"ಭೇಷ್ ಅಂದೋಳು ಯಾರು ಮಾರಾಯ್ತಿ?" ಎಂದರು ಅವರು.

ಮಾವ ಹೊಸನಗರಕ್ಕೆ ಫೋನ್ ಹಚ್ಚಿದರು, ಸೆಲ್ಲು ಮಾರಿದ ಅಂಗಡಿಯವನಿಗೆ. ಅವನು ಎಲ್ಲ ಕೇಳಿ, "ಯಜಮಾನ್ರೇ, ಬಿಸಿಲಿಗೆ ಹಾಕೋದು ಹಪ್ಪಳ, ಸೆಲ್ಲಲ್ಲ" ಎಂದ.

"ಹಪ್ಪಳಾನೂ ಹಾಕಿದ್ವಿ!" ಎಂದರು ಮಾವ, ವಾದ ಗೆದ್ದವರಂತೆ. ಅವನು ಫೋನ್ ಇಟ್ಟುಬಿಟ್ಟ.

ಆಮೇಲೆ ಕಂಪನಿ. ಹಾಡು ಕೇಳಿಸಿ ಕೇಳಿಸಿ ಕೊನೆಗೊಬ್ಬಳು ಸಿಕ್ಕಿದಳು. ಸೋರಿಕೆಯಿಂದ ತಮ್ಮ ಯಾವ ಉಪಕರಣಕ್ಕೆ ಹಾನಿಯಾಗಿದೆ ಎಂದು ಬಹಳ ಮರ್ಯಾದೆಯಿಂದ ವಿಚಾರಿಸಿದಳು. ಮಾವ "ಹಪ್ಪಳ" ಎಂದರು. ಯಾವ ಮಾಡೆಲ್ ಎಂದಳು. "ಹಲಸಿಂದು" ಎಂದರು. ಅವಳು ಅದನ್ನೂ ಬರೆದುಕೊಂಡು, ದೂರು ದಾಖಲಾಗಿದೆ ಎಂದಳು. ಮಾವನಿಗೆ ಪರಮಾನಂದ. ಈಗ ತಪ್ಪು ಕಂಪನಿಯದ್ದೆಂದು ದಾಖಲೆಯೇ ಆಯಿತಲ್ಲ, ಒಂದು ಲೋಟ ಕಾಫಿ ಕೊಡು ಎಂದರು.

ಕಾಫಿಗೆ ಹಾಲಿಡುವಾಗ ಗಡಿಯಾರ ನೋಡಿದೆ. ಹನ್ನೆರಡೂವರೆ. ಮಗಳ ಊಟದ ಹೊತ್ತು. ಹಾಳಾಗಿ ಹೋಗಲಿ ಈ ಮರ್ಯಾದೆ ಎಂದು ಅಲ್ಲೇ ನಿಂತು ಅವಳಿಗೆ ಫೋನ್ ಮಾಡಿದೆ. ಮಾಡಿದವಳು ಏನು ಕೇಳಿದೆ? ಆರಾಮಾ ಎಂದೆ. ನಿನ್ನ ಅತ್ತೆಯ ಮಂಡಿನೋವು ಹೇಗಿದೆ ಎಂದೆ. ಅಲ್ಲಿ ಕರೆಂಟ್ ಇದ್ಯಾ ಎಂದೆ. ನಾಚಿಕೆಯಾಗಬೇಕು ನನ್ನ ಜನ್ಮಕ್ಕೆ.

"ಎಂತಮ್ಮಾ, ಬೇಗ ಹೇಳು. ಈಗಷ್ಟೇ ನಿನ್ನ ಡಬ್ಬ ತೆಗ್ದೆ, ಹಪ್ಪಳಕ್ಕೆ ಎಣ್ಣೆ ಕಾಯ್ತಾ ಇದೆ."

"ಅಯ್ಯೋ ಮಗಾ, ನಿನ್ನಜ್ಜ ಅದ್ರ ಪಕ್ಕ ಸೆಲ್ಲಿಟ್ಟಿದ್ರು, ಅದು ಸೋರಿ ತಾಗಿದೆ, ನಾನು ಇಟ್ಟಿದ್ದಲ್ಲ, ನಿನ್ನಪ್ಪ ಕನ್ನಡಕ ಹಾಕ್ದೆ ತುಂಬ್ಸಿದ್ರು, ಆ ಅಂಗಡಿಯೋನು ನೋಡಿದ್ರೆ..."

"ಅಮ್ಮಾ! ತಿನ್ನೋದಾ, ಬೇಡ್ವಾ?"

"ಬೇಡ. ಒಂದೂ ಬೇಡ ಮಗಾ. ಎಲ್ಲಾ ಎಸೆದುಬಿಡು."

ಅತ್ತ ಗ್ಯಾಸ್ ಒಲೆ ಆರಿಸಿದ ಸದ್ದು ಕೇಳಿಸಿತು. "ಸರಿ" ಎಂದು ಫೋನ್ ಇಟ್ಟಳು. ನಾನು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಕಣ್ಣಲ್ಲಿ ನೀರು ಬಂತು. ಹಾಲು ಉಕ್ಕಿ ಒಲೆಗೆ ಹರಿದದ್ದೂ ಗೊತ್ತಾಗಲಿಲ್ಲ.

ಮಾವ ಹೊರಗಿಂದಲೇ ಕೂಗಿದರು, "ಯಾರ ತಪ್ಪು ಅಂದ್ಲು?"

"ಅವ್ಳು ಅದನ್ನ ಕೇಳ್ಲೇ ಇಲ್ಲ" ಎಂದೆ.