ಕ್ಯಾಮೆರಾದ ಅಂಚಿನ ಕೆಂಪು ಕಣ

ಒಂದು ಪುಟ್ಟ ದೇಶದ ಸೈನ್ಯಕ್ಕಾಗಿ ರೆಂಟನ್ ಎಂಬ ಊರಿನ ನಮ್ಮ ಶೆಡ್ಡಿನಲ್ಲಿ ಬೇಹುಗಾರಿಕೆ ಉಪಗ್ರಹ ಕಟ್ಟುತ್ತಿದ್ದೆವು. ಆಕಾಶದಲ್ಲಿ ಆ ದೇಶಕ್ಕೆ ಸಿಗಲಿದ್ದ ಮೊದಲ ಕಣ್ಣು ಅದು. ಕಳಿಸುವ ದಿನ ಬೆಳಿಗ್ಗೆ ಕ್ಯಾಮೆರಾದ ಮುಚ್ಚಳ ತೆಗೆದು ಕೊನೆಯ ತಪಾಸಣೆ ಮಾಡುತ್ತಿದ್ದಾಗ, ಒಂದು ಕಣ ಧೂಳೂ ಇರಬಾರದ ಆ ಕೋಣೆಯ ಧೂಳು ಅಳೆಯುವ ಯಂತ್ರ ಕೂಗಿಕೊಂಡಿತು. ಇನ್ನೆರಡು ಗಂಟೆಯಲ್ಲಿ ಉಪಗ್ರಹ ಒಯ್ಯುವ ಟ್ರಕ್ ಬರುವುದಿತ್ತು. ನಾವು ನಾಲ್ವರೂ ಇದ್ದಲ್ಲೇ ನಿಂತುಬಿಟ್ಟೆವು. ಗಾಜಿನ ಆಚೆ ಕಾಯುತ್ತಿದ್ದ ಆ ದೇಶದ ಕರ್ನಲ್ ಕುರ್ಚಿ ಬಿಟ್ಟೆದ್ದರು.

ಎಲ್ಲರಿಗೂ ಅಡಿಯಿಂದ ಮುಡಿಯವರೆಗೆ ಬಿಳಿ ಉಡುಪು, ಮೇಲೆ ಮಾಸ್ಕು; ಕಾಣುತ್ತಿದ್ದುದು ಹಣೆ, ಕಣ್ಣು ಮಾತ್ರ. ಧೂಳು ಎಲ್ಲಿಂದ ಬರಬೇಕು? ನನಗೆ ರೇಗಿತು. ಪುಡಿ ಉದುರುತ್ತದೆ, ಮೇಕಪ್ ಮಾಡಿಕೊಂಡು ಒಳಗೆ ಬರಬಾರದೆಂದು ಬಾಗಿಲಲ್ಲೇ ಬರೆದಿದೆ. ಹೊಸದಾಗಿ ಸೇರಿದ್ದ ಹುಡುಗಿಯನ್ನು ದುರುಗುಟ್ಟಿ ನೋಡಿದೆ. ಅವಳು ಗಾಬರಿಯಿಂದ ಇಲ್ಲವೆಂದು ತಲೆಯಾಡಿಸಿದಳು.

ಧಾರವಾಡದ ಸಹೋದ್ಯೋಗಿ ಕ್ಯಾಮೆರಾದ ಅಂಚಿಗೆ ಬಿಳಿ ಬಟ್ಟೆಯನ್ನು ಮೆಲ್ಲಗೆ ಒತ್ತಿ, ತೆಗೆದು ಬೆಳಕಿಗೆ ಹಿಡಿದ. ಒಂದೇ ಒಂದು ಕೆಂಪು ಕಣ. ಬಟ್ಟೆಯನ್ನು ನೋಡಿದ, ಆಮೇಲೆ ನನ್ನ ಹಣೆಯನ್ನು ನೋಡಿದ.

"ಅಕ್ಕಾರ, ಕುಂಕುಮ ಹಚ್ಕೊಂಡ್ ಬಂದೀರೇನು?" ಎಂದು ತಗ್ಗಿದ ದನಿಯಲ್ಲಿ ಕೇಳಿದ.

"ಕುಂಕುಮ ಮೇಕಪ್ ಅಲ್ವಲ್ಲ," ಎಂದೆ. ಹಾಗೆನ್ನುತ್ತಲೇ ಕ್ಯಾಮೆರಾದಿಂದ ಎರಡು ಹೆಜ್ಜೆ ಹಿಂದೆ ಸರಿದೆ.

ಹನ್ನೊಂದು ವರ್ಷ ದಿನವೂ ಸ್ಟಿಕರ್ ಬಿಂದಿ ಅಂಟಿಸಿಕೊಂಡೇ ಆ ಕೋಣೆಗೆ ಹೋದವಳು ನಾನು. ಅವತ್ತು ಮಾತ್ರ ಈಸ್ಟ್‌ಗೇಟಿನ ಮನೆಯಲ್ಲಿ ದೇವರ ಮುಂದೆ ದೀಪ ಹಚ್ಚಿ, ಈ ಉಪಗ್ರಹದ ಕಣ್ಣಿಗೆ ಏನೂ ಆಗದಿರಲಿ ಎಂದು ಬೇಡಿಕೊಂಡು, ಕುಂಕುಮ ಇಟ್ಟುಕೊಂಡು ಬಂದಿದ್ದೆ.