ಎಂಜಿನ್ ಇಲ್ಲದ ಕಾರಿಗೆ ಪ್ರೈಮರ್

ಇಂದು ಗ್ಯಾರೇಜೊಂದರ ಮುಂದೆ ಹಾಯುವಾಗ ಪ್ರೈಮರ್ ವಾಸನೆ ಮೂಗಿಗೆ ಬಡಿದು, ಮುದ್ದೇಬಿಹಾಳದ ನಮ್ಮ ಅಂಗಳ ನೆನಪಾಯಿತು.

ಅಪ್ಪ ತಮ್ಮ ಕಾರನ್ನು ಬಾಡಿಗೆಗೆ ಓಡಿಸುತ್ತಿದ್ದರು. ಅದರ ಎಂಜಿನ್ ಬಿರುಕು ಬಿಟ್ಟು, ವಿಜಾಪುರದ ಮಿಸ್ತ್ರಿಯ ಬಳಿ ಬಿದ್ದಿತ್ತು. ದುರಸ್ತಿ ಆಗುವುದಿಲ್ಲವೆಂದು ಅವನು ಹೇಳಿ ಕಳಿಸಿದ ಮರುದಿನವೇ ಅಪ್ಪ ಅಂಗಳದಲ್ಲಿ ನಿಂತಿದ್ದ ಕಾರಿನ ಬಾನೆಟ್ ಎತ್ತಿದರು. ಎಂಜಿನ್ ಕೂರುವ ಖಾಲಿ ಜಾಗದ ಜಿಡ್ಡನ್ನು ಚಿಮಣಿ ಎಣ್ಣೆಯಿಂದ ತೊಳೆದು, ತುಕ್ಕು ತಿಕ್ಕಿ ತೆಗೆದು, ಬಣ್ಣಕ್ಕೆ ಮೊದಲು ಬಳಿಯುವ ಕೆಂಪು ಪ್ರೈಮರ್ ಹಚ್ಚತೊಡಗಿದರು.

"ಎಂಜಿನ್ನ ಬರಂಗಿಲ್ಲಂತ ಹೇಳ್ಯಾರಲ್ರಿ. ಮತ್ಯಾಕ ಹಚ್ಚಾಕತ್ತೀರಿ?" ಅವ್ವ ಕೇಳಿದಳು.

"ಸುಮ್ನ ಕುಂತ್ರ ಕೈ ಕೇಳವಲ್ವು," ಎಂದರು ಅಪ್ಪ.

ಪ್ರೈಮರ್ ಮೇಲೆ ಬಣ್ಣ ಬೀಳಲೇ ಇಲ್ಲ. ಗುಜರಿಯವರು ಕಾರನ್ನು ಎಳೆದೊಯ್ಯುವಾಗ ಅಪ್ಪ ಮನೆಯಿಂದ ಹೊರಬರಲಿಲ್ಲ. ಮುಂದೆಂದೂ ಸ್ಟಿಯರಿಂಗ್ ಹಿಡಿಯಲಿಲ್ಲ.

ಈಗ ನನ್ನ ಕಾರಿನಲ್ಲಿ ಮುಂದೆ ಬನ್ನಿ ಎಂದರೂ ಅವರು ಹಿಂದಿನ ಸೀಟಿನಲ್ಲೇ ಕೂತು ಕಣ್ಣು ಮುಚ್ಚಿಕೊಳ್ಳುತ್ತಾರೆ.